ಲಿವರ್ ಮಾದರಿ: ಮೂರನೇ ಹಲಗೆ ಮುಗಿಯಿತು

ಲಿವರ್ ಕ್ಯಾನ್ಸರ್ ಹಂತ ಹಂತವಾಗಿ ಹೇಗೆ ಆಗುತ್ತದೆ ಅಂತ ತೋರಿಸಲು ವಿಜ್ಞಾನ ಮೇಳಕ್ಕೆ ಮಾಡುತ್ತಿರುವ ಮಣ್ಣಿನ ಮಾದರಿಗಳು ಈಗ ಕೊಪ್ಪಳದ ನಮ್ಮನೆ ಪಡಸಾಲೆಯಲ್ಲಿ ಒಣಗುತ್ತಿವೆ. ಆರೋಗ್ಯವಾಗಿರೋ ಲಿವರ್, ಸಿರೋಸಿಸ್ (ಗಾಯದ ನಾರು ತುಂಬಿ ಗಟ್ಟಿಯಾದ ಲಿವರ್), ಕ್ಯಾನ್ಸರ್‌ಗೆ ಮುಂಚಿನ ಗಂಟು ಆಗಿವೆ. ಕ್ಯಾನ್ಸರ್ ಗಡ್ಡೆ ಬಾಕಿ.

ಸಿರೋಸಿಸ್ ಹಲಗೆ ಸುಲಭವಾಯಿತು. ಹೆಪಟೈಟಿಸ್ ಬಿ ಇರಲಿ, ಸಿ ಇರಲಿ, ಕುಡಿತ ಇರಲಿ, ವರ್ಷಗಟ್ಟಲೆ ಜೀವಕೋಶಗಳು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಪ್ರತಿ ಸಲ ಡಿಎನ್‌ಎ ನಕಲಾಗುವಾಗ ತಪ್ಪು ನುಸುಳಬಹುದು. ಗಾಯದ ನಾರಿಗೆ ಸುತಲಿ ದಾರ ಹಾಕಿದೆ.

ಹೆಚ್ಚು ಹೊತ್ತು ಹಿಡಿದಿದ್ದು ಗಂಟು. ನಿಜವಾದ ಗಂಟು ಸಾಮಾನ್ಯವಾಗಿ 1 ಸೆಂ.ಮೀ. ಆಸುಪಾಸು ಇರುತ್ತದೆ. ಮೊದಲಿಗೆ ಕೋಶಗಳು ಹೆಚ್ಚೂಕಮ್ಮಿ ಮಾಮೂಲಿಯಂತೆಯೇ ಕಾಣುತ್ತವೆ. ಕೆಟ್ಟ ಹಂತದ ಗಂಟಿನಲ್ಲಿ ಅವು ಸಣ್ಣದಾಗಿ ಒತ್ತೊತ್ತಾಗುತ್ತವೆ. ಅದಕ್ಕೇ ಅಲ್ಲಿ ಜೋಳದ ಕಾಳಿನಷ್ಟು ಉಂಡೆ ಬಿಟ್ಟು ಸಾಸಿವೆಯಷ್ಟು ಉಂಡೆ ಅಂಟಿಸಿದೆ. ಈ ಹಂತದಲ್ಲೇ ಕೆಲವು ಗಂಟುಗಳಲ್ಲಿ, ಕೋಶ ಎಷ್ಟು ಸಲ ಒಡೆಯಬಹುದು ಅನ್ನೋದಕ್ಕೆ ಸಂಬಂಧಿಸಿದ ಟರ್ಟ್ ಜೀನ್‌ನ ಸ್ವಿಚ್ ಬದಲಾಗಿರುತ್ತದೆ. ಆಮೇಲೆ ಕೋಶಕ್ಕೆ ವಯಸ್ಸಾಗಿ ನಿಲ್ಲಬೇಕು ಅನ್ನೋದೇ ಇರುವುದಿಲ್ಲ.

ರಕ್ತನಾಳ ಇನ್ನೂ ಮುಖ್ಯ. ಲಿವರ್‌ಗೆ ಸುಮಾರು ಮುಕ್ಕಾಲು ಪಾಲು ರಕ್ತ ಬರುವುದು ಕರುಳಿನಿಂದ ಬರೋ ಪೋರ್ಟಲ್ ರಕ್ತನಾಳದಿಂದ. ಅದಕ್ಕೆ ನೀಲಿ ಬಳಿದೆ, ಅಪಧಮನಿಗೆ ಕೆಂಪು. ಗಂಟು ಕೆಡುತ್ತಾ ಹೋದಂತೆ ನೀಲಿ ಕಮ್ಮಿ, ಒಂಟಿ ಕೆಂಪು ಅಪಧಮನಿಗಳು ಜಾಸ್ತಿ. ಪೂರ್ತಿ ಬೆಳೆದ ಗಡ್ಡೆಗೆ ಬಹುತೇಕ ರಕ್ತ ಕೆಂಪಿನದೇ. ಸಿಟಿ ಸ್ಕ್ಯಾನ್‌ನಲ್ಲಿ ಗಡ್ಡೆ ಮೊದಲು ಹೊಳೆದು ಬೇಗ ಮಂಕಾಗುವುದೂ ಇದರಿಂದಲೇ. ಆ ಕೆಂಪು ನಾಳವನ್ನೇ ಮುಚ್ಚುವ ಚಿಕಿತ್ಸೆಯೂ ಇದೆ. ಮಕ್ಕಳಿಗೆ ಇದೊಂದು ತಿಳಿದರೆ ನನಗೆ ಸಾಕು.

ಪಕ್ಕದ ಮನೆ ಹುಡುಗಿ ಬಂದು, "ಕಾಕಾ, ಇದು ಕ್ಯಾನ್ಸರ್ ಆಗೋದು ಯಾವಾಗ?" ಅಂತ ಕೇಳಿದಳು. ಒಳ್ಳೆ ಪ್ರಶ್ನೆ ಅಲ್ವಾ? ಕೋಶಗಳು ಗಂಟಿನೊಳಗೇ ಉಳಿದಿರೋ ನಾರಿನ ಜಾಗಕ್ಕೆ ನುಗ್ಗಿದರೆ ವೈದ್ಯರು ಅದನ್ನು ಕ್ಯಾನ್ಸರ್ ಅನ್ನುತ್ತಾರೆ. ಆ ನುಗ್ಗಾಟ ತೋರಿಸಲು ಸೂಜಿಯಿಂದ ಅಂಚು ಗೀರಿದೆ. ಎಲ್ಲ ಗಂಟೂ ಅಲ್ಲಿಗೆ ಮುಟ್ಟುವುದಿಲ್ಲ, ಕೆಲವು ಹಾಗೇ ಉಳಿಯುತ್ತವೆ. ಇದನ್ನು ಹಲಗೆ ಮೇಲೇ ದೊಡ್ಡದಾಗಿ ಬರೆದಿದ್ದೇನೆ, ಸುಮ್ನೆ ಯಾರೂ ಹೆದರಬಾರದು.

ಮುಂದಿನ ಕೆಲಸ: ಬೂಷ್ಟು ಹಿಡಿದ ಶೇಂಗಾದ ಒಂದು ಬಾಟಲಿ, ಮುಚ್ಚಳ ಸೀಲ್ ಮಾಡಿ. ಆ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್, ಕ್ಯಾನ್ಸರ್ ತಡೆಯುವ ಪಿ53 ಜೀನ್‌ನ 249ನೇ ಜಾಗವನ್ನೇ ಕೆಡಿಸುತ್ತದೆ. ಹೆಪಟೈಟಿಸ್ ಬಿ ಜೊತೆಗಿದ್ದರೆ ಅಪಾಯ ಬಹಳ ಜಾಸ್ತಿ. ಶೇಂಗಾ ಬೆಳೆಯುವ ನಮ್ಮ ಕಡೆ ಇದು ಬೇಕೇ ಬೇಕು. ಮೊದಲ ಹಲಗೆ ಮೇಲೆ ಒಂದು ಸಾಲು ಬರೆಯುವುದೂ ಇದೆ: ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ.