ತಿರುಪ್ಪೂರಿನ ಬೆರಕೆ ಉಪ್ಪು

ತಿರುಪ್ಪೂರಿನಲ್ಲಿದ್ದ ಮೂರು ದಿನಗಳಲ್ಲಿ ಮೊದಲನೆಯದು ಬಟ್ಟೆಗೆ ಬಣ್ಣ ಹಾಕಿದ ಕೊಳೆನೀರಿನ ಶುದ್ಧೀಕರಣ ಘಟಕವೊಂದರ ಗೇಟಿನಲ್ಲೇ ಕಳೆಯಿತು. ಫೋನಿನಲ್ಲಿ ‘ಬನ್ನಿ ಬನ್ನಿ’ ಎಂದವರು ಆಮೇಲೆ ಫೋನೇ ಎತ್ತಲಿಲ್ಲ. ಕಾವಲಿನವನು ನನ್ನ ಚಪ್ಪಲಿ ನೋಡಿ ತಲೆಯಾಡಿಸಿಬಿಟ್ಟ. ಹೋಗುವವರಿದ್ದರೆ ಅನುಮತಿ ಪತ್ರ ಕೈಯಲ್ಲಿರಲಿ, ಕಾಲಲ್ಲಿ ಹಳೇ ಶೂ ಇರಲಿ. ಬಸ್ ಸ್ಟ್ಯಾಂಡ್ ಪಕ್ಕ ಅವಸರದಲ್ಲಿ ಕೊಂಡ ಹೊಸ ಶೂ ಹಿಮ್ಮಡಿಯನ್ನು ಕಚ್ಚಿಹಾಕಿತು.

ಹತ್ತಿಬಟ್ಟೆಗೆ ಬಣ್ಣ ಹಿಡಿಯಲು ನೀರಿಗೆ ಉಪ್ಪು ಸುರಿಯುತ್ತಾರೆ. ಆ ನೀರೆಲ್ಲ ವರ್ಷಗಟ್ಟಲೆ ನೊಯ್ಯಲ್ ಹೊಳೆಗಿಳಿದು, 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ನಿಂತಿತು. ನೀರಾವರಿಗೆಂದು ಕಟ್ಟಿದ್ದು, ರೈತರೇ ಆ ನೀರು ಬಿಡಬೇಡಿ ಎಂದರು. ನೊಯ್ಯಲ್ ಕೊನೆಗೆ ಸೇರುವುದು ನಮ್ಮ ಕಾವೇರಿಗೇ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಡೈಯಿಂಗ್ ಯೂನಿಟ್‌ಗಳನ್ನು ಮುಚ್ಚಿಸಿತು: ಕೊಳೆನೀರು ಒಂದು ಹನಿಯೂ ಹೊರಹೋಗದಂತೆ ಮಾಡಿಕೊಂಡವರಷ್ಟೇ ತೆರೆಯಲಿ.

ಎರಡನೇ ದಿನ ಒಳಗೆ ಬಿಟ್ಟರು. ನನ್ನ ತಮಿಳು ಕೇಳಲಾರದೆ ಆಪರೇಟರೊಬ್ಬರು ನಕ್ಕರು. “ಮನೇಲಿ ನಾವೂ ಕನ್ನಡಾನೇ ಸಾರ್, ದೇವಾಂಗದೋರು. ಅಜ್ಜ ಮಗ್ಗ ನೇಯ್ತಿದ್ರು.”

ಉಪ್ಪನ್ನು ತಡೆಯುವ ಆರ್‌ಓ ಪೊರೆ ದಾಟಿ ಬಂದ ನೀರು ತಿಳಿಯಾಗಿತ್ತು. ಅದು ವಾಪಸ್ ಬಣ್ಣದ ತೊಟ್ಟಿಗೇ ಹೋಗುತ್ತದೆ. ಉಳಿದ ಗಾಢ ಉಪ್ಪುನೀರನ್ನು ಆವಿಯ ಕಾವಿನಲ್ಲಿ ಕುದಿಸಿ ಬತ್ತಿಸುತ್ತಾರೆ. ಬಾಯ್ಲರಿಗೆ ಸೌದೆ ಒಟ್ಟಿದ್ದರು. ಎಲ್ಲ ನೋಡಿ ಮೆಚ್ಚಿ ಹೊರಡುವವನಿದ್ದೆ. ಅವರು ಹಿಂದಿನ ಶೆಡ್ಡಿಗೆ ಕರೆದೊಯ್ದರು. ಸೂರು ಮುಟ್ಟುವಷ್ಟು ಮೂಟೆಗಳು. ಒಂದು ಹರಿದ ಮೂಟೆಯಿಂದ ಕಂದುಬಿಳಿ ಪುಡಿ ಸುರಿದಿತ್ತು.

“ಬಣ್ಣಕ್ಕೆ ಹಾಕೋ ಗ್ಲೌಬರ್ ಉಪ್ಪು ತಣ್ಣಗೆ ಮಾಡಿದ್ರೆ ಹರಳು ಕಟ್ಟಿ ಬೇರೆ ಬರ್ತದೆ, ಡೈಯಿಂಗಿನವ್ರೇ ಮತ್ತೆ ತಗೋತಾರೆ. ಇದು ಎಲ್ಲ ಉಪ್ಪೂ ಕಲೆತ ಬೆರಕೆ. ಯಾರಿಗೆ ಬೇಕು?”

“ಸಿಮೆಂಟ್ ಫ್ಯಾಕ್ಟರಿಗೆ ಕೊಡಬಹುದಲ್ವಾ ಅಣ್ಣಾ?”

“ಕೆಸರನ್ನ ತಗೋತಾರೆ. ಇದ್ರಲ್ಲಿರೋ ಕ್ಲೋರೈಡು ಅಂದ್ರೆ ಅವರ ಸಿಮೆಂಟ್ ಸುಡೋ ಗೂಡಿಗೆ ಆಗಲ್ಲ.” ತಲೆಯೆತ್ತಿ ತಗಡು ನೋಡಿದರು. “ಮಳೆಗಾಲ ಬಂದ್ರೆ ನಿದ್ದೆ ಇಲ್ಲ ಸಾರ್. ಎರಡು ಶೀಟು ಹಾರಿದ್ರೆ ಸಾಕು, ಎಲ್ಲ ಕರಗಿ ಹೊಳೆಗೇ.”

ಅಷ್ಟೆಲ್ಲ ಯಂತ್ರಗಳಿದ್ದೂ ಕಡೆಗೆ ಹೊಳೆ ಕಾಯುತ್ತಿರುವುದು ತಗಡಿಗೆ ಹೊಡೆದ ಬೋಲ್ಟುಗಳು. ತಿಂಗಳಿಗೊಮ್ಮೆ ಅವರೇ ಏಣಿ ಹತ್ತಿ ಬಿಗಿ ಮಾಡುತ್ತಾರಂತೆ. ಅದು ಅವರ ಕೆಲಸದ ಪಟ್ಟಿಯಲ್ಲೇ ಇಲ್ಲ.

ಮೂರನೇ ದಿನ ಖಾದರ್‌ಪೇಟೆ. ರಫ್ತಿನ ಮಾಲು ಅಂತ ಜನ ಮುಗಿಬೀಳುತ್ತಾರೆ. ನನಗೆ ಸಿಕ್ಕಿದ್ದು ಒಂದು ತೋಳು ಗಿಡ್ಡ ಇದ್ದ ಟೀ-ಶರ್ಟು. ಪರೋಟಾ, ಸಾಲ್ನಾ ಮಾತ್ರ ಭೇಷ್.

ಘಟಕದಿಂದ ಬರುವಾಗ ಆ ಆಪರೇಟರು ನನ್ನ ನಂಬರ್ ತಗೊಂಡಿದ್ದರು. ಹೋದ ವಾರ ರಾತ್ರಿ ಫೋನ್ ಬಂತು. ಅಲ್ಲಿ ಜೋರು ಮಳೆಯ ಸದ್ದು.

“ಬೆಂಗ್ಳೂರಲ್ಲಿ ಯಾರಾದ್ರೂ ಸಿಕ್ಕಿದ್ರಾ ಸಾರ್, ಉಪ್ಪು ತಗೊಳ್ಳೋರು?”