ಕಬ್ಬಿನ ದರದ ವ್ಯಾಜ್ಯ ಜಿನೀವಾದಲ್ಲಿ ಸಿಕ್ಕಿಕೊಂಡ ಬಗೆ

ಕೇಂದ್ರ ಸರ್ಕಾರ ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ಬೆಳೆಗಾರರಿಗೆ ಕೊಡಲೇಬೇಕಾದ ಕನಿಷ್ಠ ದರ, ಪ್ರಕಟಿಸಿದಾಗಲೆಲ್ಲ ಬೆಳಗಾವಿ, ಮಂಡ್ಯದ ಬೆಳೆಗಾರರು ಸಾಲದು ಅನ್ನುತ್ತಾರೆ. ಅದೇ ದರ ಅತಿಯಾಯಿತೆಂದು 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು.

ಅಲ್ಲಿ ದೂರು ಕೊಟ್ಟ ಕೂಡಲೇ ವಿಚಾರಣೆ ಶುರುವಾಗುವುದಿಲ್ಲ. ಮೊದಲು ಮಾತುಕತೆ: ಎದುರು ಪಕ್ಷ 10 ದಿನದೊಳಗೆ ಉತ್ತರಿಸಬೇಕು, 30 ದಿನದೊಳಗೆ ಮಾತಿಗೆ ಕೂರಬೇಕು. 60 ದಿನದಲ್ಲಿ ಬಗೆಹರಿಯದಿದ್ದರೆ ಪ್ಯಾನೆಲ್, ಅಂದರೆ ವಿಚಾರಣೆ ನಡೆಸುವ ತಜ್ಞರ ತಂಡ, ಕೇಳಬಹುದು. ಎದುರು ಪಕ್ಷ ಅದನ್ನು ಸದಸ್ಯ ದೇಶಗಳ ಒಂದು ಸಭೆಯಲ್ಲಿ ಮಾತ್ರ ತಡೆಯಬಹುದು. ಎರಡನೇ ಸಭೆಯಲ್ಲಿ ತಡೆಯಬೇಕಾದರೆ ದೂರುದಾರ ದೇಶವೂ ಸೇರಿ ಎಲ್ಲರೂ ಬೇಡವೆನ್ನಬೇಕು. ಯಾವ ದೂರುದಾರ ತಾನೇ ಹಾಗೆಂದಾನು? ಪ್ಯಾನೆಲ್ ಕೊಡುವ ವರದಿಯ ಅಂಗೀಕಾರಕ್ಕೂ ಇದೇ ನಿಯಮ. ಈ ವ್ಯವಸ್ಥೆಯ ಜೀವಾಳ ಇರುವುದು ಇಲ್ಲೇ.

ನಿಯಮದ ಪ್ರಕಾರ ಪ್ಯಾನೆಲ್ ವರದಿಗೆ 6 ತಿಂಗಳು, ಹೆಚ್ಚೆಂದರೆ 9. ಕಬ್ಬಿನ ಪ್ಯಾನೆಲ್ 2019ರ ಆಗಸ್ಟ್‌ನಲ್ಲಿ ರಚನೆಯಾಯಿತು, ವರದಿ ಹೊರಬಂದದ್ದು 2021ರ ಡಿಸೆಂಬರ್‌ನಲ್ಲಿ.

ವಾದದ ತಿರುಳು ಒಂದು ಲೆಕ್ಕ. ಒಂದು ಬೆಳೆಗೆ ಭಾರತ ಕೊಡಬಹುದಾದ ಬೆಂಬಲ ಆ ಬೆಳೆಯ ಒಟ್ಟು ಮೌಲ್ಯದ ಶೇ 10ನ್ನು ಮೀರುವಂತಿಲ್ಲ. ಬೆಂಬಲ ಅಳೆಯುವ ರೀತಿ ವಿಚಿತ್ರ: ಸರ್ಕಾರ ನಿಗದಿ ಮಾಡಿದ ಇಂದಿನ ದರದಿಂದ 1986–88ರ ಬೆಲೆಗಳಿಂದ ಕಟ್ಟಿದ ಸ್ಥಿರ ಆಧಾರ ಬೆಲೆಯನ್ನು ಕಳೆದು, ಉಳಿದದ್ದನ್ನು ಆ ದರಕ್ಕೆ ಅರ್ಹವಾದ ಟನ್ನುಗಳಿಂದ ಗುಣಿಸುವುದು. 2018–19ರ ಎಫ್‌ಆರ್‌ಪಿ ಕ್ವಿಂಟಲ್‌ಗೆ 275 ರೂಪಾಯಿ. ಅದನ್ನು ಆ ಹಳೇ ಬೆಲೆಯೊಂದಿಗೆ ಹೋಲಿಸಿದರೆ ಮೂವತ್ತು ವರ್ಷಗಳ ಹಣದುಬ್ಬರವೆಲ್ಲ ‘ಬೆಂಬಲ’ದ ಖಾತೆಗೇ ಬೀಳುತ್ತದೆ. ಎಫ್‌ಆರ್‌ಪಿ ಕೊಡುವುದು ಕಾರ್ಖಾನೆಗಳು, ಖಜಾನೆಯಿಂದ ಹಣ ಹೋಗುವುದಿಲ್ಲ ಎಂದು ಭಾರತ ವಾದಿಸಿತು. ಹಣ ಯಾರದಾದರೇನು, ದರ ಕಟ್ಟಿದ್ದು ಸರ್ಕಾರ ತಾನೆ ಎಂದಿತು ಪ್ಯಾನೆಲ್. 2014–15ರಿಂದ 2018–19ರವರೆಗೆ ಐದೂ ಹಂಗಾಮಿನಲ್ಲಿ ಮಿತಿ ದಾಟಿದೆ, ಸಕ್ಕರೆಗೆ ಭಾರತ ಕೊಟ್ಟ ರಫ್ತು ಸಬ್ಸಿಡಿಯೂ ನಿಯಮಬಾಹಿರ ಎಂದು ತೀರ್ಪಾಯಿತು. ಒಪ್ಪಂದದ ಅಕ್ಷರ ಹಿಡಿದರೆ ತೀರ್ಪು ಸರಿ. ತಪ್ಪಿರುವುದು ಆ ಹಳೇ ಅಳತೆಗೋಲು.

2022ರ ಜನವರಿಯಲ್ಲಿ ಭಾರತ ಮೇಲ್ಮನವಿ ಹಾಕಿತು. ಕೇಳುವವರು ಇರಲಿಲ್ಲ. ಮೇಲ್ಮನವಿ ಮಂಡಳಿಗೆ 7 ಸದಸ್ಯರು, ಒಂದು ಪ್ರಕರಣಕ್ಕೆ 3 ಮಂದಿ ಬೇಕು. ಹೊಸ ನೇಮಕಗಳಿಗೆ ಅಮೆರಿಕ ಅಡ್ಡಗಾಲು ಹಾಕಿದ್ದರಿಂದ 2019ರ ಡಿಸೆಂಬರ್‌ನಲ್ಲೇ ಒಬ್ಬರು ಮಾತ್ರ ಉಳಿದಿದ್ದರು, ಮರುವರ್ಷ ಅವರ ಅವಧಿಯೂ ಮುಗಿಯಿತು. ಮೇಲ್ಮನವಿ ಇತ್ಯರ್ಥವಾಗದೆ ವರದಿ ಅಂಗೀಕಾರವಾಗದು. ಅಂಗೀಕಾರವಾಗದೆ ಸರಿಪಡಿಸಲು ಗಡುವಿಲ್ಲ, ಪ್ರತೀಕಾರದ ಸುಂಕ ಹೇರಲು ಅನುಮತಿಯೂ ಇಲ್ಲ. ‘ಶೂನ್ಯಕ್ಕೆ ಮೇಲ್ಮನವಿ’ ಎನ್ನುವುದು ಇದಕ್ಕೇ.

ಬದಲಿಗೆ 2020ರಲ್ಲಿ ಕೆಲವು ದೇಶಗಳು ತಮ್ಮೊಳಗೇ ಒಂದು ಮಧ್ಯಸ್ಥಿಕೆ ವ್ಯವಸ್ಥೆ ಮಾಡಿಕೊಂಡವು. ದೂರು ಕೊಟ್ಟ ಮೂರೂ ಅದರಲ್ಲಿವೆ, ಭಾರತ ಇಲ್ಲ. ಸದಸ್ಯರಲ್ಲದವರನ್ನು ಅದು ಕಟ್ಟಿಹಾಕುವುದಿಲ್ಲ. ಉಳಿದ ದಾರಿ ನೇರ ರಾಜಿ. 2023ರಲ್ಲಿ ಭಾರತ ಮತ್ತು ಅಮೆರಿಕ ಹೀಗೆಯೇ 7 ಪ್ರಕರಣ ಮುಗಿಸಿಕೊಂಡವು. ಭಾರತ ಕೊಟ್ಟದ್ದರಲ್ಲಿ ಸೇಬು, ಬಾದಾಮಿ, ಅಕ್ರೋಟಿನ ಹೆಚ್ಚುವರಿ ಸುಂಕ ರದ್ದತಿಯೂ ಇತ್ತು.

ಸಕ್ಕರೆ ವರದಿ ಹಾಗೇ ಬಿದ್ದಿದೆ. 2025–26ರ ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿ ಕೊಡುವ ಕಬ್ಬಿಗೆ, ಕ್ವಿಂಟಲ್‌ಗೆ 355 ರೂಪಾಯಿ.