ಹಣೆಗೆ ಬಡಿಯುತ್ತಿದ್ದ ಐದು ಮರ

ನಮ್ಮ ಚಾಮರಾಜಪೇಟೆ ಮನೆಯ ಅಟ್ಟ ಹತ್ತಿದವರೆಲ್ಲ ಒಮ್ಮೆಯಾದರೂ ಹಣೆ ಚಚ್ಚಿಕೊಂಡಿದ್ದಾರೆ. ಅಟ್ಟದ ನೆಲದಿಂದ ಐದಡಿಗೂ ಕಡಿಮೆ ಎತ್ತರದಲ್ಲಿ, ಈ ಗೋಡೆಯಿಂದ ಆ ಗೋಡೆಗೆ ಐದು ಅಡ್ಡಮರ. ಅವುಗಳ ಮೇಲೆ ಹಲಗೆಯ ಸೀಲಿಂಗ್. ಹಲಗೆಯ ಮೇಲೆ ಸೂರಿನ ನೆತ್ತಿಯವರೆಗೆ ಆರಡಿ ಜಾಗ ಸುಮ್ನೆ ಖಾಲಿ.

ನನಗೆ ಹೊಲಿಗೆ ಮೆಷಿನ್, ಕಟಿಂಗ್ ಟೇಬಲ್ ಅಲ್ಲಿಡುವ ಆಸೆ. ಬಂದ ಕೆಲಸದವನು ಮೊಬೈಲಿನಲ್ಲಿ ಅಮೆರಿಕದ ವಿಡಿಯೋ ತೋರಿಸಿದ. ‘ಕೆಳಗಿನ ಮರ ಕತ್ತರಿಸಿ, ನೆತ್ತಿ ಹತ್ತಿರ ಕಾಲರ್ ಟೈ ಅಂತ ಗಿಡ್ಡ ಅಡ್ಡಪಟ್ಟಿ ಬಡಿದರೆ ಆಯ್ತು ಮೇಡಂ.’ ಮೊದಲ ದಿನವೇ ಎರಡು ಮರ ಗರಗಸಕ್ಕೆ ಹೋದವು.

ಮೇ ತಿಂಗಳ ಗಾಳಿಮಳೆ ಎರಡು ಸಲ ಬಂತು. ಉದ್ದಗೋಡೆ ಅಡ್ಡಗೋಡೆಗೆ ಸೇರುವ ಮೂಲೆಯಲ್ಲಿ ಬಿರುಕು. ಮೇಲೆ ಬೆರಳು ತೂರುವಷ್ಟು, ಕೆಳಗೆ ಬರ್ತಾ ಕೂದಲೆಳೆ. ಕೆಲಸದವನು ಫೋನ್ ಎತ್ತಲಿಲ್ಲ.

ಆಮೇಲೆ ಪರಿಚಯದವರು ಒಬ್ಬ ವಯಸ್ಸಾದ ಬಡಗಿಯನ್ನು ಕಳಿಸಿದರು. ಅವರು ಅಟ್ಟಕ್ಕೆ ಹೋಗಲೇ ಇಲ್ಲ. ಪೇಂಟರ್ ಬಿಟ್ಟುಹೋಗಿದ್ದ ಎರಡು ಕಾಲಿನ ಬಿದಿರೇಣಿಯನ್ನು ಹಾಲಿನ ರೆಡ್ ಆಕ್ಸೈಡ್ ನೆಲದ ಮೇಲೆ ಬಿಡಿಸಿಟ್ಟರು. ‘ಅಮ್ಮಾ, ಈ ಹಗ್ಗ ಯಾಕೆ ಕಾಲ ಹತ್ತಿರ ಕಟ್ತಾರೆ?’ ಅಂದರು. ಹಗ್ಗ ಬಿಚ್ಚಿ ಮೇಲೆ, ತುದಿಯ ಹತ್ತಿರ ಕಟ್ಟಿ, ಏಣಿಯನ್ನು ಮೇಲಿನಿಂದ ಒತ್ತಿದರು. ಬಿದಿರು ಬಾಗಿತು, ಕಾಲುಗಳು ಸರ‍್ರಂತ ಜಾರಿದವು. ನಾನು ಬಾಯಿ ಮುಚ್ಚಿಕೊಂಡು ನಿಂತೆ.

ನಮ್ಮ ಸೂರೂ ಅಷ್ಟೇ. ಎರಡು ಕಡೆ ಹೆಂಚು ಹೊತ್ತ ಇಳಿಜಾರು ಮರಗಳು, ಅಂದರೆ ರಾಫ್ಟರ್‌ಗಳು ನೆತ್ತಿಯಲ್ಲಿ ಒಂದಕ್ಕೊಂದು ಒರಗಿ, ಬುಡದಲ್ಲಿ ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಹಣೆಗೆ ಬಡಿಯುವ ಮರ ಆ ತಳ್ಳಾಟ ತಡೆಯುತ್ತಿತ್ತು. ಆರಡಿ ಎತ್ತರದ ಸೂರಿನಲ್ಲಿ ಅದನ್ನು ಎರಡಡಿ ಮೇಲೇರಿಸಿದರೆ ಅದರ ಮೇಲಿನ ಎಳೆತ ಒಂದೂವರೆ ಪಟ್ಟು. ನೆತ್ತಿಗೆ ಒಂದೂವರೆ ಅಡಿ ಉಳಿಯುವಷ್ಟು ಏರಿಸಿದರೆ ನಾಲ್ಕು ಪಟ್ಟು. ಜೊತೆಗೆ, ಆ ಅಡ್ಡಮರದ ಕೆಳಗೆ ಉಳಿದ ರಾಫ್ಟರ್ ಬೇರೆ ಬಾಗುತ್ತೆ. ಮೇಲಿನ ಕಾಲರ್ ಟೈ ಇರುವುದು ಗಾಳಿಗೆ ನೆತ್ತಿ ಬಿಚ್ಚಿಕೊಳ್ಳದ ಹಾಗೆ ಹಿಡಿಯಲು. ಗೋಡೆ ಹಿಡಿಯುವುದು ಅದರ ಕೆಲಸವಲ್ಲ.

ಹಾಗಾದರೆ ಆ ವಿಡಿಯೋ ಸುಳ್ಳಾ? ಮತ್ತೆ ನೋಡಿದೆ. ಸುಳ್ಳಲ್ಲ. ಆ ಮನೆಯಲ್ಲಿ ಅಟ್ಟದ ನೆಲದ ಮರಗಳೇ ರಾಫ್ಟರ್ ಬುಡಕ್ಕೆ ಸೇರಿಕೊಂಡಿವೆ, ತಳ್ಳಾಟ ತಡೆಯುವ ಕಟ್ಟು ಅವೇ. ನಮ್ಮಲ್ಲಿ ಅಟ್ಟದ ನೆಲ ಎಲ್ಲೋ ಕೆಳಗೆ, ರಾಫ್ಟರ್ ಬುಡ ಎಲ್ಲೋ ಮೇಲೆ.

ಭಾರವೂ ಜಾಸ್ತಿ. ಅಡುಗೆಮನೆ ತಕ್ಕಡಿಯಲ್ಲಿ ಒಂದು ಹೆಂಚು ತೂಗಿದೆ, 2.6 ಕೆಜಿ. ಆ ಕೋಣೆಯ ಮೇಲೆ ಸುಮಾರು 460 ಹೆಂಚು. ಅಲ್ಲಿಗೆ 1200 ಕೆಜಿ ಹೆಂಚೇ ಆಯ್ತು, ಮರದ ಲೆಕ್ಕ ಬೇರೆ. (ಹೆಂಚಿನ ಮೇಲೆ ಬಾಸೆಲ್ ಮಿಷನ್, 1865 ಅಂತ ಅಚ್ಚಿದೆ. ನಮ್ಮವರು ಮನೆಯೇ 1865ರದ್ದು ಅಂತ ಬಂದವರಿಗೆಲ್ಲ ಹೇಳುತ್ತಿದ್ದರು. ಅದು ಮಂಗಳೂರಿನ ಕಾರ್ಖಾನೆ ಶುರುವಾದ ವರ್ಷ. ಚಾಮರಾಜಪೇಟೆ ಬಡಾವಣೆಯೇ ಆದದ್ದು 1892ರಲ್ಲಿ!)

ಕೊನೆಗೆ ಇಂಜಿನಿಯರ್ ಒಬ್ಬರು ಬಂದು ಲೆಕ್ಕ ಮಾಡಿದರು. ನೆತ್ತಿಯ ಉದ್ದಕ್ಕೆ 18 ಅಡಿಯ ಕಬ್ಬಿಣದ ತೊಲೆ. ಅದರ ಎರಡು ತುದಿ ತ್ರಿಕೋನ ಗೋಡೆಗಳ ಮೇಲೆ, ಕಾಂಕ್ರೀಟ್ ದಿಮ್ಮಿಯ ಮೇಲೆ ಕೂರಬೇಕು. ಮುಂಚೆ ನೆತ್ತಿಯಲ್ಲಿದ್ದದ್ದು ಬರೀ ಹಲಗೆ. ಈಗ ರಾಫ್ಟರ್ ಆ ತೊಲೆಗೆ ಬೋಲ್ಟಿನಿಂದ ಬಿಗಿದಿರುವುದರಿಂದ, ತೊಲೆ ಬಗ್ಗದಿರುವವರೆಗೂ ಗೋಡೆಗೆ ತಳ್ಳಾಟವಿಲ್ಲ. ಭಾರ ನೇರ ಕೆಳಗಿಳಿಯುತ್ತೆ. ತೊಲೆ ಕೂತ ಮೇಲೇ ಉಳಿದ ಮೂರು ಮರ ಒಂದೊಂದಾಗಿ ತೆಗೆದರು. ಗಾಳಿಗೆ ಅಂತ ಕಾಲರ್ ಟೈಗಳೂ ಬಂದವು, ಈ ಸಲ ಅವುಗಳ ಜಾಗದಲ್ಲಿ. ಖರ್ಚು ಕೇಳಬೇಡಿ.

ಬಿರುಕಿಗೆ ಅಡ್ಡಲಾಗಿ ಒಂದು ಸಣ್ಣ ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದುಹೋಗಿದ್ದಾರೆ. ಗೋಡೆ ಇನ್ನೂ ಸರಿದರೆ ಗಾಜು ಒಡೆಯುತ್ತೆ. ಆಷಾಢದ ಗಾಳಿ ಜೋರಾದ ಮೇಲೆ, ಬೆಳಿಗ್ಗೆ ನಾನು ಅಟ್ಟ ಇಳಿದು ಬರುವುದನ್ನೇ ಅತ್ತೆ ಕಾಯುತ್ತಿರುತ್ತಾರೆ.

‘ಒಡೀತೇನೇ?’

‘ಇಲ್ಲ ಅತ್ತೆ.’

‘ಹಾಗಾದ್ರೆ ಕಾಫಿ ಇಡು.’